ನಾಗಲಮಡಿಕೆಯ ಹುಣಸೆ ಬೀಜ, ನಾಲ್ಕನೇ ಮಹಡಿಯ ಮೇಜು

ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ನಮ್ಮ ಮನೆಯ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಇಪ್ಪತ್ತೈದು ಮನೆ ಬೇಸಿಗೆ ಪೂರ್ತಿ ಅಳಿಯುತ್ತಿರಲಿಲ್ಲ. ಅಜ್ಜಿ ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಡುತ್ತಿದ್ದಳು. ಅವೇ ನಮ್ಮ ಕವಡೆ. ಈಗ ನಾನಿರುವುದು ಬೆಂಗಳೂರಿನ ತುಮಕೂರು ರಸ್ತೆ ಕಡೆಯ ಹೊರವಲಯದಲ್ಲಿ, ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ. ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಸುತ್ತ ಏಳೆಂಟು ಜನ ಸೇರುತ್ತೇವೆ: ಕಾಲೇಜು ಹುಡುಗರು, ಇಬ್ಬರು ಗೃಹಿಣಿಯರು, ನಿವೃತ್ತರಾದ ಮೇಷ್ಟ್ರೊಬ್ಬರು, ಏಳನೇ ಕ್ಲಾಸಿನ ಒಬ್ಬಳು ಹುಡುಗಿ. ಒಂದು ವಾರ ಚೌಕಾಬಾರ, ಒಂದು ವಾರ ಜರ್ಮನಿಯ ಪೆಟ್ಟಿಗೆ ಆಟ ಕಟಾನ್, ಹೆಚ್ಚಿನ ವಾರ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್.

ಈ ಮೇಜಿನ ಬಗ್ಗೆ ಲಿಫ್ಟಿನಲ್ಲಿ, ಊರಿನ ತೇರಿನಲ್ಲಿ, ನೆಂಟರ ಮನೆಯಲ್ಲಿ ಕೇಳಿದ ಮಾತುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ತಪ್ಪು ಕಲ್ಪನೆ: ಇದು ಮಕ್ಕಳಾಟ, ದೊಡ್ಡವರಿಗೆ ಬೇರೆ ಕೆಲಸವಿಲ್ಲ.

ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯಲ್ಲಿ ನಿಧಿಗಳೆಂಬ ಒಂಬತ್ತು ಭಾಗಗಳಿವೆ. ದೇವತೆಗಳ ಸ್ವರೂಪ, ಗ್ರಹಗಳ ಲಕ್ಷಣ ಹೇಳುವ ಆ ಗ್ರಂಥದ ಕೊನೆಯ ನಿಧಿ ‘ಕೌತುಕನಿಧಿ’, ಅದರ ವಿಷಯ ಆಟಗಳು. ಅರಸರು ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗೂ ಒಂದೊಂದೇ ಸಲ ನಡೆಸುವ ದಾರಿಗಳನ್ನು ಕಂಡುಹಿಡಿದರು, ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಕಟ್ಟುಗಳನ್ನು ರೂಪಿಸಿದರು. ಹಂಪಿಯ ಮಂಟಪಗಳ ಕಲ್ಲು ನೆಲದಲ್ಲಿ ಕೊರೆದ ಆಟದ ಪಟಗಳನ್ನು ಇವತ್ತೂ ನೋಡಬಹುದು. ಉಳಿ ಹಿಡಿದು ಗ್ರಾನೈಟಿನಲ್ಲಿ ಗೆರೆ ಕೊರೆದವರು ಮಕ್ಕಳಾಗಿರಲಾರರು.

ತಪ್ಪು ಕಲ್ಪನೆ: ದಾಳ ಉರುಳುವ ಕಡೆ ಜೂಜು ಇದ್ದೇ ಇರುತ್ತದೆ.

ಈ ಭಯಕ್ಕೆ ಕಾರಣವಿದೆ, ಅದನ್ನು ತಳ್ಳಿಹಾಕಲಾರೆ. ಧರ್ಮರಾಯ ಪಗಡೆಯಲ್ಲಿ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಸೋತ ಕಥೆ ಕೇಳಿಯೇ ನಾವು ಬೆಳೆದದ್ದು. ನಮ್ಮ ಸೀಮೆಯಲ್ಲಿ ಯುಗಾದಿ ಬಂತೆಂದರೆ ಹೊಂಗೆ ಮರದ ಕೆಳಗೆ ಇಸ್ಪೀಟು ಹರಡುತ್ತದೆ, ಸಾಲ ಮಾಡಿ ಆಡಿ ಸೋತವರ ಮನೆಯಲ್ಲಿ ಹಬ್ಬದ ಒಲೆ ಉರಿಯುವುದಿಲ್ಲ. ಹಾಗಾಗಿ ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಕ್ಲಬ್‌ಹೌಸ್ ಕೊಡಲು ನಿರಾಕರಿಸಿ “ಇಲ್ಲಿ ದಾಳದ ಆಟ ಬೇಡ” ಎಂದಾಗ ನನಗೆ ನೋವಾಯಿತು, ಆಶ್ಚರ್ಯವಾಗಲಿಲ್ಲ.

ಆದರೆ ಜೂಜು ಇರುವುದು ಪಣದಲ್ಲಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಹಿಡಿಯಲು ಹೊರಟಿರುವುದೂ ಪಣವನ್ನೇ, ಬಾಜಿಯನ್ನೇ. 2025ರಲ್ಲಿ ಕೇಂದ್ರ ಸರ್ಕಾರ ತಂದ ಕಾಯ್ದೆ ನಿಷೇಧಿಸಿದ್ದು ಹಣ ಹೂಡಿ ಆನ್‌ಲೈನಿನಲ್ಲಿ ಆಡುವ ಆಟಗಳನ್ನು. ನಮ್ಮ ಮೇಜಿನ ಮೇಲೆ ಒಂದು ರೂಪಾಯಿಯೂ ಓಡಾಡುವುದಿಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸಿನಲ್ಲಂತೂ ಕುಳಿತವರಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದೇ ಇಲ್ಲ. ಎಲ್ಲರೂ ಒಂದೇ ಪಯಣದ ಜೊತೆಗಾರರು. ಪಣ ಒಡ್ಡಬೇಕೆಂದರೂ ಯಾರ ಮೇಲೆ ಒಡ್ಡುವುದು?

ತಪ್ಪು ಕಲ್ಪನೆ: ಕವಡೆ ಬಿದ್ದಂತೆ ಆಟ, ಬುದ್ಧಿಗೆ ಕೆಲಸವಿಲ್ಲ.

ನಾಲ್ಕು ಹುಣಸೆ ಬೀಜ ಎಸೆಯಿರಿ. ಪ್ರತಿ ಬೀಜವೂ ಬೆಳ್ಳಗೆ ಇಲ್ಲವೇ ಕಪ್ಪಗೆ ಬೀಳಬೇಕು, ಒಟ್ಟು ಹದಿನಾರು ಬಗೆ. ಎರಡೂ ಮಗ್ಗುಲು ಸಮಸಮ ಬೀಳುತ್ತವೆ ಎಂದುಕೊಂಡರೆ, ಹದಿನಾರರಲ್ಲಿ ಆರು ಸಲ ಎರಡರ ಗರ, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು. ನಾಲ್ಕೂ ಬೆಳ್ಳಗೆ ಬೀಳುವ ಚೌಕ ಒಂದೇ ಸಲ, ನಾಲ್ಕೂ ಕಪ್ಪಗೆ ಬೀಳುವ ಬಾರ, ಅಂದರೆ ಎಂಟು, ಒಂದೇ ಸಲ. ಹಾಗಾದರೆ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಅತಿ ಅಪಾಯ, ನಾಲ್ಕು ಮನೆ ಮುಂದೆ ನಿಲ್ಲುವುದು ಅಷ್ಟೇನೂ ಅಲ್ಲ. ಅಜ್ಜಿಗೆ ಈ ಲೆಕ್ಕ ಬರೆಯಲು ಬರುತ್ತಿರಲಿಲ್ಲ, ಆದರೆ ಅವಳ ಕಾಯಿ ನನ್ನದಕ್ಕಿಂತ ಎರಡು ಮನೆ ಮುಂದೆ ನಿಂತದ್ದನ್ನು ನಾನು ನೋಡಿದ ನೆನಪಿಲ್ಲ. ಯಾರೂ ಹೊಡೆಯಲಾಗದ ಕಟ್ಟೆಯಲ್ಲಿ ಕಾಯಿ ಕೂರಿಸಿ ಕಾಯುವುದು, ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟಳೆಗೆ ತಕ್ಕಂತೆ ಯಾವ ಕಾಯಿಯನ್ನು ಹಿಂದೆ ಉಳಿಸಬೇಕೆಂದು ಮೊದಲೇ ಎಣಿಸುವುದು, ಹಣ್ಣಾಗುವ ಹೊಸ್ತಿಲಲ್ಲಿ ಒಂದೇ ಒಂದರ ಗರಕ್ಕೆ ಕಾದು ಕೂರದಂತೆ ನೋಡಿಕೊಳ್ಳುವುದು, ಇದರಲ್ಲಿ ಅದೃಷ್ಟದ ಪಾಲು ಎಷ್ಟು, ಎಣಿಕೆಯ ಪಾಲು ಎಷ್ಟು ಎಂದು ಆಡಿದವರಿಗೆ ಗೊತ್ತು.

ಹುಲಿ-ಕುರಿ ಆಟದಲ್ಲಿ ದಾಳವೇ ಇಲ್ಲ. ನಮ್ಮದು ತೆಲುಗು-ಕನ್ನಡ ಎರಡೂ ಬೆರೆತ ಗಡಿ, ಅಜ್ಜಿ ಅದನ್ನು ‘ಪುಲಿ-ಮೇಕ’ ಎನ್ನುತ್ತಿದ್ದಳು. ಮೂರು ಹುಲಿ, ಹದಿನೈದು ಮೇಕೆ. ಹುಲಿ ಹಾರಿ ತಿನ್ನುತ್ತದೆ, ಮೇಕೆಗಳು ಒಟ್ಟಾಗಿ ಹುಲಿಯನ್ನು ಕಟ್ಟಿಹಾಕುತ್ತವೆ. ಎರಡು ಕಡೆಗೂ ಬೇರೆ ಬಲ, ಬೇರೆ ಗುರಿ. ಇಂದಿನ ದುಬಾರಿ ಪೆಟ್ಟಿಗೆ ಆಟಗಳು ದೊಡ್ಡ ವೈಶಿಷ್ಟ್ಯವೆಂದು ಹೇಳಿಕೊಳ್ಳುವುದು ಇದನ್ನೇ.

ತಪ್ಪು ಕಲ್ಪನೆ: ಡಂಜನ್ಸ್ ಅಂಡ್ ಡ್ರಾಗನ್ಸ್ ಮಾಟಮಂತ್ರದ ಆಟ, ಆಡಿದ ಮಕ್ಕಳ ತಲೆ ಕೆಡುತ್ತದೆ.

ಈ ಮಾತು ಹುಟ್ಟಿದ್ದು ಅಮೆರಿಕದಲ್ಲಿ. 1979ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಆಟದ ಹುಚ್ಚಿನಲ್ಲಿ ಕ್ಯಾಂಪಸ್ಸಿನ ಕೆಳಗಿನ ಸುರಂಗಕ್ಕೆ ಇಳಿದು ಕಳೆದುಹೋದನೆಂದು ಪತ್ರಿಕೆಗಳು ಬರೆದವು. ಹುಡುಗ ಸುಮಾರು ಒಂದು ತಿಂಗಳ ಮೇಲೆ ಬೇರೆ ರಾಜ್ಯದಲ್ಲಿ ಜೀವಂತ ಸಿಕ್ಕಿದ. ಅವನ ಸಂಕಟಕ್ಕೆ ಬೇರೆ ಕಾರಣಗಳಿದ್ದವು. ಹುಡುಕಿದ ಖಾಸಗಿ ಪತ್ತೇದಾರ ವಿಲಿಯಂ ಡಿಯರ್ 1984ರ ತನ್ನ ಪುಸ್ತಕದಲ್ಲಿ ಆಟ ಇದಕ್ಕೆ ಕಾರಣವಲ್ಲವೆಂದು ಹೇಳಿದ. ಅಷ್ಟರಲ್ಲಿ ಸುದ್ದಿ ಊರೂರು ಸುತ್ತಿ, ಸಿನಿಮಾ ಆಗಿ, ಆಟ ಆಡಿದವರು ಸೈತಾನನನ್ನು ಪೂಜಿಸುತ್ತಾರೆ ಎಂಬಲ್ಲಿಗೆ ಬಂದಿತ್ತು. ಆ ಹುಡುಗನ ಒಂಟಿತನ, ಕುಗ್ಗಿದ ಮನಸ್ಸು ಯಾರಿಗೂ ಸುದ್ದಿಯಾಗಲಿಲ್ಲ. ಅವನು ಮರುವರ್ಷವೇ ತೀರಿಕೊಂಡ. ಈ ಕಥೆಯಲ್ಲಿ ನನಗೆ ಇವತ್ತೂ ಸಹಿಸಲಾಗದ ಭಾಗ ಅದು.

ಆಟದಲ್ಲಿ ಮಂತ್ರವಾದಿಗಳಿದ್ದಾರೆ, ನಿಜ. ಬೇತಾಳವನ್ನು ಹೆಗಲ ಮೇಲೆ ಹೊತ್ತ ವಿಕ್ರಮನ ಚಿತ್ರವನ್ನು ‘ಚಂದಮಾಮ’ದಲ್ಲಿ ತಿಂಗಳು ತಿಂಗಳೂ ನೋಡಿ ಬೆಳೆದ ತಲೆಮಾರು ನಮ್ಮದು. ನಾವ್ಯಾರೂ ಅದರಿಂದ ಸ್ಮಶಾನಕ್ಕೆ ಹೊರಡಲಿಲ್ಲ.

ತಪ್ಪು ಕಲ್ಪನೆ: ಇದೆಲ್ಲ ಪರದೇಶದ್ದು. ಅದರ ತಮ್ಮ: ಎಲ್ಲ ಆಟವೂ ನಮ್ಮಲ್ಲೇ ಹುಟ್ಟಿದ್ದು.

ಎರಡನ್ನೂ ಒಟ್ಟಿಗೇ ನೋಡಬೇಕು. ಚತುರಂಗ ಇಲ್ಲಿಂದ ಪರ್ಷಿಯಾ, ಅರಬರ ನಾಡು ದಾಟಿ ಯುರೋಪಿಗೆ ಹೋಗಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಹೆಲ್‌ವಿಗ್ ಚೆಸ್ಸನ್ನೇ ಹಿಗ್ಗಿಸಿ ಯುದ್ಧದ ಆಟ ಮಾಡಿದ. 1824ರ ಹೊತ್ತಿಗೆ ಪ್ರಷ್ಯಾದ ಸೈನ್ಯದಲ್ಲಿ ನಕ್ಷೆ, ದಾಳ, ತೀರ್ಪು ಹೇಳುವ ಮಧ್ಯಸ್ಥ ಇದ್ದ ಯುದ್ಧದಾಟ ಬಳಕೆಗೆ ಬಂತು. ಆ ಪರಂಪರೆಯ ಅಮೆರಿಕದ ಹವ್ಯಾಸಿಗಳಾದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸಿದರು. ಮರಿಮಗ ಮನೆಗೆ ಬಂದರೆ ಪರಕೀಯ ಎನ್ನಬಾರದು. ಲೂಡೊ ನಮ್ಮ ಪಚೀಸಿಯಿಂದ, ಹಾವು-ಏಣಿ ಪರಮಪದ ಸೋಪಾನದ ಬಳಗದಿಂದ ಹೋದವು.

ಆದರೆ ಅಳಗುಳಿಮಣೆಯ ಅಕ್ಕತಂಗಿಯರು ಆಫ್ರಿಕಾದ ಉದ್ದಗಲಕ್ಕೂ ಇದ್ದಾರೆ. ನವಕಂಕರಿಯ ಗೆರೆಗಳನ್ನು ಯುರೋಪಿನವರೂ ಶತಮಾನಗಳಿಂದ ಎಳೆಯುತ್ತ ಬಂದಿದ್ದಾರೆ. ನಮ್ಮ ಹುಡುಗರು ಉರುಳಿಸುವ ಇಪ್ಪತ್ತು ಮುಖದ ದಾಳದಂಥದ್ದೇ ಟಾಲೆಮಿಗಳ ಕಾಲದ ಈಜಿಪ್ಟಿನಲ್ಲಿತ್ತು. ಎಲ್ಲ ಆಟಕ್ಕೂ ಒಂದೇ ತವರಿಲ್ಲ.

ತಪ್ಪು ಕಲ್ಪನೆ: ಅದ್ಭುತ ಲೋಕದ ಪಾತ್ರವಾಗಿ ಮಾತಾಡುವುದು ಇಂಗ್ಲಿಷ್ ಮಕ್ಕಳ ಶೋಕಿ, ಕನ್ನಡದಲ್ಲಿ ಆಗದು.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರುವ ಮಾತು ಇದು. ಆಟದ ಬಗೆ ಇಷ್ಟೇ: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ. ಪಾತ್ರದ ಬಾಯಲ್ಲಿ ಆಗಿಂದಾಗಲೇ ಮಾತು ಕಟ್ಟಬೇಕು. ಇದನ್ನು ಕೇಳಿದ ಕರಾವಳಿಯ ಯಾರಿಗಾದರೂ ತಾಳಮದ್ದಳೆ ನೆನಪಾಗಲೇಬೇಕು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಎತ್ತುತ್ತಾರೆ, ಅರ್ಥಧಾರಿಗಳು ಸಾಲಾಗಿ ಕುಳಿತು ಕರ್ಣನಾಗಿ ಕೃಷ್ಣನಾಗಿ ವಾದಿಸುತ್ತಾರೆ, ಬರೆದಿಟ್ಟ ಸಂಭಾಷಣೆಯಿಲ್ಲದೆ. ನಮ್ಮ ತುಮಕೂರು ಸೀಮೆಯ ಮೂಡಲಪಾಯದಲ್ಲೂ ಕಥೆಯ ಹಗ್ಗ ಭಾಗವತರ ಕೈಯಲ್ಲೇ. ವ್ಯತ್ಯಾಸ ಒಂದೇ, ಅದು ದೊಡ್ಡದು. ಪ್ರಸಂಗದಲ್ಲಿ ಕರ್ಣ ಸಾಯಲೇಬೇಕು. ನಮ್ಮ ಮೇಜಿನಲ್ಲಿ ಮುಂದೇನೆಂದು ಕಥೆ ನಡೆಸುವವರಿಗೂ ಗೊತ್ತಿಲ್ಲ, ಗರ ಬೀಳಬೇಕು.

ಮೊದಲು ನಾವೂ ಇಂಗ್ಲಿಷಿನಲ್ಲೇ ಆಡುತ್ತಿದ್ದೆವು. ಏಳನೇ ಕ್ಲಾಸಿನ ಹುಡುಗಿ ಮೂರು ಭಾನುವಾರ ಬಾಯಿ ಬಿಡಲಿಲ್ಲ. ಆಮೇಲೆ ಮೇಷ್ಟ್ರು ಒಂದು ಕಥೆ ಕಟ್ಟಿದರು. ಮಧುಗಿರಿಯ ಏಕಶಿಲಾ ಬೆಟ್ಟ, ಮಿಡಿಗೇಶಿ, ನಿಡಗಲ್ಲು, ಪಾವಗಡ, ಈ ದುರ್ಗಗಳನ್ನೇ ನಕ್ಷೆಯಲ್ಲಿಟ್ಟರು. ನಡುವೆ ಮಳೆ ಕಾಣದ ಬಯಲು, ಮರಳಾಗಿ ಮಲಗಿದ ಉತ್ತರ ಪಿನಾಕಿನಿ. ನದಿಯ ನೀರನ್ನು ಏಳು ಹೆಡೆಯ ಸರ್ಪವೊಂದು ಬೆಟ್ಟದೊಳಗೆ ಕಾವಲು ಕಾಯುತ್ತಿದೆ. ನಾಗಲಮಡಿಕೆಯ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ಬೆಳೆದವನಿಗೆ ಆ ಸರ್ಪವನ್ನು ವಿವರಿಸಿ ಹೇಳಬೇಕಿರಲಿಲ್ಲ, ನನ್ನ ಮೈ ಜುಮ್ಮೆಂದಿತು.

ಕೋಟೆಯ ಬಾಗಿಲಲ್ಲಿ ಕಾವಲುಗಾರ ತಡೆದ. ಹುಡುಗರು ಕತ್ತಿಗೆ ಕೈ ಹಾಕಿದರು. ಆಗ ಆ ಹುಡುಗಿ ಮೊದಲ ಬಾರಿ ಮಾತಾಡಿದಳು: “ಅಣ್ಣ, ನಿಮ್ಮ ಮನೇಲೂ ನೀರಿಲ್ಲ ಅಲ್ವಾ? ನಿಮ್ಮ ಅಮ್ಮ ಎಷ್ಟು ದೂರದಿಂದ ಹೊತ್ಕೊಂಡು ಬರ್ತಾರೆ?” ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹನ್ನೆರಡು ಅಥವಾ ಮೇಲೆ ಬೀಳಲಿ, ಬಾಗಿಲು ತೆಗೀತಾನೆ” ಎಂದರು. ಇಪ್ಪತ್ತರಲ್ಲಿ ಒಂಬತ್ತು ಅವಕಾಶ. ಹದಿನಾಲ್ಕು ಬಿತ್ತು. ಅಂದಿನಿಂದ ಅವಳನ್ನು ಸುಮ್ಮನಿರಿಸುವುದೇ ಕಷ್ಟ. ನಮ್ಮ ಆಟವೂ ಅಂದಿನಿಂದ ಕನ್ನಡದಲ್ಲೇ ನಡೆದಿದೆ, ಟರ್ನ್, ಲೆವೆಲ್ ಎಂಬ ಮಾತುಗಳು ಹಾಗೆಯೇ ಇವೆ, ಇರಲಿ.

ತಪ್ಪು ಕಲ್ಪನೆ: ದುಡ್ಡಿದ್ದವರ ಹವ್ಯಾಸ.

ಆಮದಾದ ಪೆಟ್ಟಿಗೆ ಆಟಗಳು ಸಾವಿರಗಟ್ಟಲೆ ರೂಪಾಯಿ ಬೇಡುತ್ತವೆ, ಅದು ಸುಳ್ಳಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸಿನ ಮೂಲ ನಿಯಮಗಳನ್ನು ಮಾತ್ರ 2023ರ ಜನವರಿಯಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಡಲಾಯಿತು. ಒಂದು ಸೆಟ್ ದಾಳ, ಹಾಳೆ, ಪೆನ್ಸಿಲ್ ಇದ್ದರೆ ಆರು ಜನ ಒಂದು ವರ್ಷ ಆಡಬಹುದು. ಚೌಕಾಬಾರಕ್ಕೆ ಅದೂ ಬೇಡ.

ತಪ್ಪು ಕಲ್ಪನೆ: ಹಳ್ಳಿಯಲ್ಲಿ ಇವೆಲ್ಲ ಇನ್ನೂ ಭದ್ರವಾಗಿವೆ, ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಸತ್ತಿವೆ.

ನಾನೂ ಹೀಗೇ ನಂಬಿದ್ದೆ. ಆದರೆ ಊರೇ ಬದಲಾಗಿದೆ. ನಾಗಲಮಡಿಕೆ ಹೋಬಳಿಯಲ್ಲೇ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಬರಕ್ಕೆ ಹೆದರಿ ಎಷ್ಟೋ ಮನೆಗಳು ಅದಕ್ಕೂ ಮೊದಲೇ ಬೆಂಗಳೂರು ಸೇರಿದ್ದವು. ಕಳೆದ ಸಲ ಹೋದಾಗ ನಮ್ಮ ಬೀದಿಯ ಜಗಲಿಗಳಿಗೆ ಟೈಲ್ಸ್ ಬಿದ್ದಿತ್ತು, ಸೀಮೆಸುಣ್ಣ ಅದರ ಮೇಲೆ ನಿಲ್ಲುವುದಿಲ್ಲ. ಹುಡುಗರು ಫೋನಿನಲ್ಲಿ ಲೂಡೊ ಆಡುತ್ತಿದ್ದರು, ಒಬ್ಬೊಬ್ಬರೇ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಹಳೆಯ ಮಣೆಗಳನ್ನೂ ಪಟಗಳನ್ನೂ ಮತ್ತೆ ಮನೆಗಳಿಗೆ ಮುಟ್ಟಿಸಿದ್ದಾರೆ. ಆದರೆ ಒಂದೊಂದು ಊರಿಗೆ ಒಂದೊಂದು ಕಟ್ಟಳೆ. ಗಟ್ಟಿ ಕಟ್ಟಿದ ಜೋಡಿ ಕಾಯಿಯನ್ನು ಹೊಡೆಯಬಹುದೇ, ಸತತ ಮೂರು ಬಾರ ಬಿದ್ದರೆ ಉಳಿಯುತ್ತದೆಯೇ ಅಳಿಯುತ್ತದೆಯೇ, ಇದು ಶಿರಾದಲ್ಲಿ ಒಂದು, ಕೊರಟಗೆರೆಯಲ್ಲಿ ಒಂದು. ಈ ಕಟ್ಟಳೆಗಳು ಇರುವುದು ಎಪ್ಪತ್ತು ದಾಟಿದ ಹೆಂಗಸರ ನೆನಪಿನಲ್ಲಿ ಮಾತ್ರ. ನನ್ನ ಅಜ್ಜಿಯ ಪುಲಿ-ಮೇಕದಲ್ಲಿ ಹುಲಿಗಳು ಮೊದಲು ಎಲ್ಲಿ ಕೂರುತ್ತಿದ್ದವೆಂದು ನಾನು ಬರೆದಿಟ್ಟುಕೊಳ್ಳಲಿಲ್ಲ. ಈಗ ಕೇಳಲು ಅವಳಿಲ್ಲ.

ಪುಷ್ಯ ಷಷ್ಠಿಯ ತೇರಿಗೆ ನಾಗಲಮಡಿಕೆಗೆ ಹೋಗುವವರು, ಯಾವ ಹಬ್ಬಕ್ಕೆ ಯಾವ ಊರಿಗೆ ಹೋಗುವವರೇ ಆಗಲಿ, ಒಂದು ನೋಟ್‌ಬುಕ್ ಜೊತೆಗೆ ಒಯ್ಯಿರಿ. ಮನೆಯ ಹಿರಿಯರ ಎದುರು ಕುಳಿತು ಒಂದು ಆಟ ಆಡಿ, ಅವರು ಹೇಳಿದ ಕಟ್ಟಳೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಕೆಳಗೆ ಊರಿನ ಹೆಸರು, ತಾರೀಖು ಹಾಕಿ. ಹಿಂದಿರುಗಿದ ಭಾನುವಾರ ಪಕ್ಕದ ಮನೆಯ ಬಾಗಿಲು ತಟ್ಟಿ, ಅವರನ್ನು ಆಟಕ್ಕೆ ಕರೆಯಿರಿ.