ಷೇರು ವ್ಯವಹಾರಕ್ಕೊಂದು ದಿನಚರಿ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಅಚ್ಚುಕಟ್ಟಾಗಿ ನಡೆಯುವ ಕಾರ್ಖಾನೆಗಳಲ್ಲೆಲ್ಲ ಒಂದು ಪುಸ್ತಕವಿರುತ್ತದೆ. ಅಳತೆ ತಪ್ಪಿ ತಿರಸ್ಕೃತವಾದ ಬಿಡಿಭಾಗಗಳ ಲೆಕ್ಕ ಅದು. ಯಾವ ಯಂತ್ರದಲ್ಲಿ, ಯಾವ ಪಾಳಿಯಲ್ಲಿ, ಯಾವ ಕಾರಣದಿಂದ ಕೆಟ್ಟಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಆ ಪುಸ್ತಕವಿಲ್ಲದ ಯಜಮಾನನಿಗೆ ಹಣ ಎಲ್ಲಿ ಸೋರಿತೆಂಬುದು ವರ್ಷದ ಕೊನೆಯವರೆಗೂ ತಿಳಿಯುವುದಿಲ್ಲ.

ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ದುಡಿದು, ಬಿಡುವಿನಲ್ಲಿ ಮೊಬೈಲಿನ ಮೂಲಕ ಷೇರು ಕೊಂಡು ಮಾರುವ ನಮ್ಮ ತರುಣರಲ್ಲಿ ಇಂಥ ಪುಸ್ತಕವಿಟ್ಟವರು ಎಷ್ಟು ಮಂದಿ? ಬೆಳಗ್ಗೆ 9-15ಕ್ಕೆ ತೆರೆದು ಮಧ್ಯಾಹ್ನ 3-30ಕ್ಕೆ ಮುಚ್ಚುವ ಪೇಟೆಯಲ್ಲಿ ಗಳಿಸಿದ ದಿನ ಮನೆಗೆ ಸಿಹಿ ಬರುತ್ತದೆ. ಕಳೆದುಕೊಂಡ ದಿನ ಮೌನ. ನೆನಪಿನಲ್ಲಿ ಉಳಿಯುವುದು ಸಿಹಿ ಮಾತ್ರ.

ಲೆಕ್ಕವಾದರೋ ಬೇರೆಯ ಕಥೆಯನ್ನೇ ಹೇಳುತ್ತದೆ. ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ‘ಸೆಬಿ’ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕಿಳಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿತು. ಇನ್ನೂ ಸೋಜಿಗದ ಸಂಗತಿಯೆಂದರೆ, ವರ್ಷದ ಮೇಲೆ ವರ್ಷ ನಷ್ಟ ಕಂಡವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಆಟ ಬಿಡಲಿಲ್ಲ!

ನಮ್ಮ ನಾಡಿನ ಹಿಂದಿನ ವರ್ತಕರು ‘ಕಡತ’ ಇಡುತ್ತಿದ್ದರು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಸವರಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಬರೆದುದನ್ನು ಅಳಿಸಲೂ ಬರುತ್ತಿತ್ತು. ಇಂದಿನ ಕಡತವನ್ನು ದಳ್ಳಾಳಿಯ ಗಣಕಯಂತ್ರವೇ ಬರೆದಿಡುತ್ತದೆ. ಅದನ್ನು ನಾವು ಅಳಿಸಲಾರೆವು. 1963ರಲ್ಲಿ ಆರಂಭವಾದ ಬೆಂಗಳೂರು ಷೇರು ವಿನಿಮಯ ಕೇಂದ್ರ 2014ರಲ್ಲಿ ಮುಚ್ಚಿತು. ಅದಕ್ಕೆ ಮುಂಚೆಯೇ, 2010ರಲ್ಲಿ, ನಿತಿನ್ ಕಾಮತ್ ಮತ್ತು ನಿಖಿಲ್ ಕಾಮತ್ ಸಹೋದರರು ಇದೇ ಊರಿನಲ್ಲಿ ‘ಜೆರೋಧಾ’ ಎಂಬ ದಳ್ಳಾಳಿ ಸಂಸ್ಥೆಯನ್ನು ಸ್ಥಾಪಿಸಿದ್ದರು. ಅದರ ಗ್ರಾಹಕರಿಗೆ ಈ ಕಡತ ಕೈಗೆ ಸಿಗುವ ಬಗೆಯನ್ನೇ ಉದಾಹರಣೆಯಾಗಿ ನೋಡೋಣ.

ಸಂಸ್ಥೆಯ ‘ಕನ್ಸೋಲ್’ ಎಂಬ ತಾಣದಲ್ಲಿ ವರದಿಗಳ ವಿಭಾಗಕ್ಕೆ ಹೋಗಿ ‘ಟ್ರೇಡ್‌ಬುಕ್’ ಆರಿಸಬೇಕು. ವ್ಯವಹಾರದ ವಿಭಾಗವನ್ನೂ ದಿನಾಂಕಗಳನ್ನೂ ತಿಳಿಸಿದರೆ ಪಟ್ಟಿ ಮೂಡುತ್ತದೆ. ಅದನ್ನು ‘ಸಿಎಸ್‌ವಿ’ ರೂಪದಲ್ಲಿ ಇಳಿಸಿಕೊಳ್ಳಬಹುದು. ಷೇರಿನ ಹೆಸರು, ದಿನಾಂಕ, ಕೊಂಡದ್ದೋ ಮಾರಿದ್ದೋ, ಎಷ್ಟು, ಯಾವ ಬೆಲೆಗೆ, ಯಾವ ಗಳಿಗೆಯಲ್ಲಿ—ಎಲ್ಲವೂ ಅಲ್ಲಿರುತ್ತವೆ.

ಆದರೆ ಇದನ್ನು ಹಾಗೆಯೇ ದಿನಚರಿಗೆ ನಕಲು ಮಾಡುವಂತಿಲ್ಲ. ಒಂದೇ ಆದೇಶ ಹಲವು ತುಂಡುಗಳಾಗಿ ನೆರವೇರಬಹುದು. ನೂರು ಷೇರು ಕೊಳ್ಳಬಯಸಿದವನಿಗೆ 40 ಷೇರು 250 ರೂಪಾಯಿಗೆ, 35 ಷೇರು 251ಕ್ಕೆ, 25 ಷೇರು 252ಕ್ಕೆ ದೊರೆತವೆನ್ನಿ. ಪಟ್ಟಿಯಲ್ಲಿ ಮೂರು ಸಾಲುಗಳಿದ್ದರೂ ವ್ಯವಹಾರ ಒಂದೇ. ಸರಾಸರಿ ಬೆಲೆ 250 ರೂಪಾಯಿ 85 ಪೈಸೆ. ಒಂದೇ ಆದೇಶ ಸಂಖ್ಯೆಯುಳ್ಳ ಸಾಲುಗಳನ್ನು ಕೂಡಿಸಿಯೇ ಲೆಕ್ಕ ಹಿಡಿಯಬೇಕು. ಇಲ್ಲೊಂದು ಎಚ್ಚರಿಕೆಯುಂಟು. ‘ಎಕ್ಸೆಲ್’ ತಂತ್ರಾಂಶ 15 ಅಂಕಿಗಳಿಗಿಂತ ಉದ್ದವಾದ ಸಂಖ್ಯೆಯ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಆದುದರಿಂದ ಆ ಕಲಮನ್ನು ಸಂಖ್ಯೆಯೆಂದಲ್ಲ, ಪಠ್ಯವೆಂದೇ ತೆರೆಯುವುದು ಲೇಸು.

ಇನ್ನು ಖರ್ಚು. ದಳ್ಳಾಳಿ, ವಹಿವಾಟು ತೆರಿಗೆ, ಮುದ್ರಾಂಕ ಶುಲ್ಕ, ಜಿಎಸ್‌ಟಿ ಮುಂತಾದವು ಈ ಪಟ್ಟಿಯಲ್ಲಿ ಬರುವುದಿಲ್ಲ. ವ್ಯವಹಾರವಾದ 24 ಗಂಟೆಯೊಳಗೆ ದಳ್ಳಾಳಿ ಕಳುಹಿಸಬೇಕಾದ ಕರಾರು ಚೀಟಿಯಿಂದ ಅವನ್ನು ತೆಗೆದು ಬರೆಯಬೇಕು. ಹನಿ ಹನಿ ಕೂಡಿದರೆ ಹಳ್ಳವಲ್ಲವೇ? ಲಾಭವೆಂದು ಹಿಗ್ಗಿದ ಎಷ್ಟೋ ವ್ಯವಹಾರಗಳು ಈ ಖರ್ಚು ಕಳೆದ ಮೇಲೆ ನಷ್ಟಕ್ಕೆ ತಿರುಗುತ್ತವೆ.

ಯಾವ ಗಣಕಯಂತ್ರವೂ ಬರೆಯದ ಅಂಕಣ ಇನ್ನೊಂದಿದೆ: ‘ಏಕೆ ಕೊಂಡೆ?’ ಸ್ವಂತ ವಿಚಾರದಿಂದಲೇ, ಗೆಳೆಯನ ಮಾತಿನಿಂದಲೇ, ನಿನ್ನೆಯ ನಷ್ಟವನ್ನು ಇಂದೇ ತುಂಬಿಕೊಳ್ಳುವ ಹಟದಿಂದಲೇ? ಪ್ರತಿ ಸಾಲಿನ ಮುಂದೆ ಅಂದಂದೇ ಎರಡು ಮಾತು ಬರೆದಿಟ್ಟು, ಮೂರು ತಿಂಗಳ ನಂತರ ಕಾರಣಕ್ಕೊಂದರಂತೆ ವಿಂಗಡಿಸಿ ಕೂಡಿಸಿ ನೋಡಲಿ. ಹಟದ ಬೆಲೆ ಎಷ್ಟೆಂಬುದು ರೂಪಾಯಿ ಪೈಸೆಗಳಲ್ಲಿ ತಿಳಿಯುತ್ತದೆ. ಕಾರ್ಖಾನೆಯವನು ಕೆಟ್ಟ ಯಂತ್ರವನ್ನು ನಿಲ್ಲಿಸುವಂತೆ, ಇವನೂ ಆ ಬಗೆಯ ವ್ಯವಹಾರವನ್ನು ನಿಲ್ಲಿಸಬಹುದು.

ದಿನಚರಿ ಬರೆದ ಮಾತ್ರಕ್ಕೆ ಲಾಭ ಬಂದೀತೆಂದು ಯಾರೂ ಭಾವಿಸಬೇಕಾಗಿಲ್ಲ. ಈ ವ್ಯವಹಾರ ತನಗೆ ತಕ್ಕುದಲ್ಲವೆಂದು ಅದು ತಿಳಿಸಿಕೊಟ್ಟರೆ, ಅದೇ ದೊಡ್ಡ ಉಪಕಾರ. ಪೇಟೆಯಲ್ಲಿ ಹೂಡಿದ ಹಣ ಮಕ್ಕಳ ವಿದ್ಯೆಗೋ ಮನೆಯ ಸಾಲಕ್ಕೋ ಕೂಡಿಟ್ಟದ್ದಾಗಿರಬಹುದು. ಹೀಗಿರುವಾಗ, ತಿಂಗಳ ಕೊನೆಯ ಭಾನುವಾರ ದಿನಸಿಯ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ಮಡದಿಯ ಮುಂದಿಟ್ಟು ಓದುವುದು ಒಳ್ಳೆಯದು. ಅವಳೆದುರು ತೆರೆಯಲು ಕೈ ಹಿಂಜರಿಯುವ ಲೆಕ್ಕವಾದರೆ, ಮರುದಿನ 9-15ಕ್ಕೆ ಏನು ಮಾಡಬೇಕೆಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.