ಕೋಡಿಯಲ್ಲಿ ಗಾಳ ಹಿಡಿದ ಬಯಲುಸೀಮೆಯವನು

ಕೋಡಿ ಎಂಬ ಶಬ್ದಕ್ಕೆ, ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ ಹುಟ್ಟಿ ಬೆಳೆದವನಾದ ನನಗೆ, ತಿಳಿದಿದ್ದ ಅರ್ಥ ಒಂದೇ: ಕೆರೆ ತುಂಬಿದ ಮೇಲೆ ಮಿಕ್ಕ ನೀರು ಹರಿದುಹೋಗಲೆಂದು ಹಿರಿಯರು ಬಿಟ್ಟಿರುವ ದಾರಿ. ಆ ದಾರಿಯಲ್ಲಿ ನೀರು ಹರಿಯುವುದಾದರೂ ನಮ್ಮ ಸೀಮೆಯಲ್ಲಿ ವರ್ಷವರ್ಷವೂ ಕಾಣಸಿಗುವ ನೋಟವಲ್ಲ. ನಮ್ಮ ವೇದಾವತಿಗೆ ಹಿರಿಯೂರಿನ ಮಾರಿಕಣಿವೆಯಲ್ಲಿ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರವು 1933ರಲ್ಲಿ ಒಮ್ಮೆ ಕೋಡಿ ಬಿದ್ದುದು, ಮರಳಿ ಕೋಡಿ ಬೀಳಲು 2022ನೆಯ ಇಸವಿಯವರೆಗೆ ಕಾಯಿಸಿತೆಂದರೆ, ಆ ಮಾತನ್ನು ನಮ್ಮವರು ಎಷ್ಟು ಭಕ್ತಿಯಿಂದ ಉಚ್ಚರಿಸುವರೆಂಬುದನ್ನು ಊಹಿಸಿಕೊಳ್ಳಬಹುದು. ಆದುದರಿಂದ ಉಪಾಧ್ಯಾಯ ವೃತ್ತಿಯ ನಿಮಿತ್ತವಾಗಿ ಕುಂದಾಪುರದ ಕಡೆಗೆ ಹೋಗಬೇಕಾಗಿ ಬಂದು, ಬಾಡಿಗೆಯ ಮನೆ ಕೋಡಿಯೆಂಬ ಊರಿನಲ್ಲಿ ದೊರೆತಿದೆಯೆಂದು ತಿಳಿದಾಗ, ಆ ಹೆಸರನ್ನು ಶುಭಶಕುನವೆಂದೇ ನಾನು ಭಾವಿಸಿದೆನು.

ದೊಡ್ಡಉಳ್ಳಾರ್ತಿಯನ್ನು ಕಾಣದವರಿಗೆ ಅದರ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ಕುರುಚಲು ಹುಲ್ಲಿನ ಬಯಲು, ಕೆಮ್ಮಣ್ಣಿನ ಶೇಂಗಾ ಹೊಲ, ಕುರಿ, ಕಂಬಳಿ, ಬಿಸಿಲು. ಮೊದಲು ಬೆಣ್ಣೆ ಚಾವಡಿಯೆಂದು ಕರೆಯಿಸಿಕೊಂಡು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ರಾಜಗೋಸಂಪತ್ತಿಗೆ ಮೀಸಲಾಗಿದ್ದ ಕಾವಲುಗಳಲ್ಲಿ ನಮ್ಮ ಉಳ್ಳಾರ್ತಿ ಕಾವಲೂ ಒಂದು. ಈಚಿನ ಒಂದೆರಡು ದಶಕಗಳಲ್ಲಿ ತಾಲ್ಲೂಕಿನ ಈ ಕಾವಲುಗಳಲ್ಲಿ ಸುಮಾರು 10,000 ಎಕರೆಯಷ್ಟು ನೆಲವು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದ ವಿಜ್ಞಾನ ಸಂಸ್ಥೆಗಳ ಪಾಲಾಗಿ, ಕುರಿಯ ಹಿಂಡು ಹಾದುಹೋಗುತ್ತಿದ್ದ ಜಾಡುಗಳಿಗೆ ಗೋಡೆಗಳು ಅಡ್ಡ ಬಂದಿವೆ. ಅದು ಬೇರೆಯೇ ಒಂದು ಲೇಖನದ ವಿಷಯ. ಇಲ್ಲಿ ಹೇಳಬೇಕಾದುದಿಷ್ಟೆ: ನಮ್ಮ ಊರಿನ ಮೇಲೆ ಬಿದ್ದ ಹನಿ ವೇದಾವತಿಯ ದಾರಿ ಹಿಡಿದು, ತುಂಗಭದ್ರೆಯನ್ನು ಕೂಡಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಸೇರತಕ್ಕದ್ದು, ಪಡುವಣ ಕಡಲಿಗೂ ನಮಗೂ ನೀರಿನ ಸಂಬಂಧವೂ ಇಲ್ಲ. ಸಂತೆಗೆ ಬರುವ ಒಣಮೀನಿನ ವಾಸನೆಯೊಂದೇ ನಮಗೂ ಅದಕ್ಕೂ ಇದ್ದ ಪರಿಚಯ.

ಶಿವಮೊಗ್ಗ, ಹೊಸನಗರಗಳನ್ನು ದಾಟಿ ಬಾಳೆಬರೆ ಘಾಟಿಯನ್ನಿಳಿದು ಕುಂದಾಪುರವನ್ನು ಮುಟ್ಟಿದವನು, ಅಲ್ಲಿಂದ ಹಿನ್ನೀರಿನ ಸೇತುವೆಯನ್ನು ದಾಟಿದರೆ ಕೋಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ, ನಡುವೆ ಕೋಡಿನಂತೆ ಉತ್ತರಕ್ಕೆ ಚಾಚಿದ ಮರಳ ನೆಲ, ತೆಂಗಿನ ತೋಟ, ದೀಪಸ್ತಂಭ. ನೆಲ ಮುಗಿಯುವಲ್ಲಿ ಅಳಿವೆ. ಅಳಿವೆಯ ಆಚೆ, ಕೂಗಿದರೆ ಕೇಳಿಸೀತೆಂಬಷ್ಟು ಸಮೀಪದಲ್ಲಿ, ಗಂಗೊಳ್ಳಿಯ ಬಂದರು. ಆದರೆ ಈ ಕೂಗಳತೆಯ ಊರಿಗೆ ರಸ್ತೆಯಲ್ಲಿ ಹೋಗಬೇಕಾದವನು ತ್ರಾಸಿಯನ್ನು ಬಳಸಿಕೊಂಡೇ ಹೋಗಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಒಡಗೂಡಿ ಪಂಚಗಂಗಾವಳಿಯೆಂಬ ಹೆಸರಿನಿಂದ ಈ ಒಂದೇ ಬಾಯಿಯಲ್ಲಿ ಕಡಲನ್ನು ಸೇರುತ್ತವೆ. ಇವುಗಳಲ್ಲಿ ಸೌಪರ್ಣಿಕೆಯ ನಡತೆ ವಿಚಿತ್ರವಾದುದು: ಮರವಂತೆಯಲ್ಲಿ ಹೆದ್ದಾರಿಯ ಅಗಲವೊಂದನ್ನು ಬಿಟ್ಟು ಕಡಲ ಮಗ್ಗುಲಿಗೇ ಬಂದವಳು, ಏನನ್ನೋ ಮರೆತುಬಂದವಳಂತೆ ಮುಖ ತಿರುಗಿಸಿ, ಮತ್ತೆ ಹಲವು ಮೈಲಿ ಅಲೆದು ಇಲ್ಲಿಗೆ ಬರುತ್ತಾಳೆ. ಒಳನಾಡಿನ ಕಡೆಗೆ ತುಸುದೂರ ಸರಿದರೆ, 1665ರಲ್ಲಿ ಶಿವಾಜಿ ಹಡಗುಗಳೊಡನೆ ಬಂದು ಸೂರೆಗೊಂಡ ಬಸರೂರು. ಆ ವೈಭವದ ಬಂದರು ಈಗ ನದಿಯ ದಂಡೆಯ ಶಾಂತವಾದ ಗ್ರಾಮ.

ನಾನು ಬಂದುದು ಜೂನ್ ತಿಂಗಳಿನಲ್ಲಿ. ವರ್ಷವಿಡೀ 500 ಮಿಲಿಮೀಟರ್ ಮಳೆಯಾದರೆ ಸುಭಿಕ್ಷವೆನ್ನುವ ಊರಿನವನು, 4,000 ಮಿಲಿಮೀಟರ್ ಸುರಿಯುವ ಊರಿನಲ್ಲಿ ಮೊದಲ ಹದಿನೈದು ದಿನ ಮಾಡಿದ ಕೆಲಸವೆಂದರೆ, ಹಂಚಿನ ಮಾಡಿನ ಕೆಳಗೆ ಕುಳಿತು, ಇಷ್ಟು ನೀರು ಯಾರ ಹೊಲಕ್ಕೂ ಆಗದೆ ಹೋಯಿತಲ್ಲಾ ಎಂದು ಲೆಕ್ಕ ಹಾಕುತ್ತಿದ್ದುದು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಸರಕಾರದ ನಿಷೇಧ. ಕಡಲೂ ಕೆಂಪು ಬೆರೆತ ಬೂದಿಯ ಬಣ್ಣದಿಂದ ಗರ್ಜಿಸುತ್ತ, ದಡದಲ್ಲಿ ನಿಂತವನ ಮಾತನ್ನು ನುಂಗಿಹಾಕುವುದು. ನೂಲ ಹುಣ್ಣಿಮೆಯ ದಿನ ಮೊಗವೀರರು ತೀರದಲ್ಲಿ ನೆರೆದು, ಕಡಲಿಗೆ ಹಾಲೆರೆದು ತೆಂಗಿನಕಾಯಿಯನ್ನರ್ಪಿಸಿ ಪೂಜಿಸಿದ ತರುವಾಯವೇ ದಡದ ಮನುಷ್ಯನಿಗೂ ಕಡಲಿಗೂ ಮಾತುಕತೆ ಪುನಃ ಆರಂಭ.

ಆಗ ನಾನೂ ಪೇಟೆಗೆ ಹೋಗಿ ತಂಗೂಸಿ ದಾರ, ಸೀಸದ ಗುಂಡು, ನಾಲ್ಕಾರು ಗಾಳ, ಒಂದು ಪೊಟ್ಟಣ ಚಟ್ಲಿ, ಎಂದರೆ ನಮ್ಮ ಸೀಮೆಯಲ್ಲಿ ಸಿಗಡಿಯೆನ್ನುವುದು, ಇಷ್ಟನ್ನು ಕೊಂಡು ತಂದೆನು. ತೀರದಲ್ಲಿ ನಿಂತು, ತೋಳಿನಲ್ಲಿದ್ದ ಬಲವನ್ನೆಲ್ಲ ಕೂಡಿಸಿ, ಆದಷ್ಟು ದೂರಕ್ಕೆ, ದಿಗಂತದ ಕಡೆಗೇ ಗುಂಡನ್ನೆಸೆದೆನು. ವಿಶಾಲವಾದ ಕಡಲಿನ ಮೀನು ವಿಶಾಲವಾದ ಕಡೆಯಲ್ಲಿಯೇ ಇರುವುದೆಂಬುದು ನನ್ನ ತರ್ಕ. ಮೂರು ವಾರಗಳ ಸಂಜೆಗಳು ಹೀಗೆ ಕಳೆದುವು. ಗಾಳಕ್ಕೆ ಸಿಕ್ಕಿದುದು ಒಂದು ಹರಿದ ಬಲೆಯ ತುಂಡು, ಮತ್ತು ಎರಡು ಸಲ ಹೊಟ್ಟೆಯನ್ನುಬ್ಬಿಸಿಕೊಂಡು ಚೆಂಡಿನಂತಾಗಿ ನನ್ನನ್ನೇ ದಿಟ್ಟಿಸಿದ, ಯಾರೂ ತಿನ್ನದ ವಿಷದ ಮೀನು.

ದಿನವೂ ಅಲ್ಲಿಯೇ ಬೀಸುಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದ ವೃದ್ಧರೊಬ್ಬರು ಒಂದು ಸಂಜೆ ತಡೆಯಲಾರದೆ ಕೇಳಿದರು:

“ಹ್ವಾಯ್ ಮಾಷ್ಟ್ರೇ, ನೀವ್ ಕಡ್ಲ್ ಕಾಂಬುಕ್ ಬಂದದ್ದಾ, ಮೀನ್ ಹಿಡುಕ್ ಬಂದದ್ದಾ?”

“ಎರಡಕ್ಕೂ, ಯಜಮಾನ್ರೇ,” ಎಂದೆನು.

“ಎರಡೂ ಒಟ್ಟಿಗ್ ಆತಿಲ್ಲೆ,” ಎಂದು ಹೇಳಿ, ನಾನು ಎಸೆದ ದಾರವನ್ನು ಕೈಯಿಂದಲೇ ಸುತ್ತಿ ತಂದು, ನನ್ನ ಕಾಲಬುಡದಿಂದ ಇಪ್ಪತ್ತು ಮಾರು ಕೂಡ ಇಲ್ಲದ ಜಾಗದಲ್ಲಿ, ತೆರೆ ಒಡೆಯುವುದಕ್ಕಿಂತ ಈಚೆಗೆ, ಸುಮ್ಮನೆ ಬಿಸುಟರು. ಅಂದು ಮೀನು ಸಿಕ್ಕಲಿಲ್ಲ. ಸಿಕ್ಕಿದ್ದರೆ ಕಥೆ ಸೊಗಸಾಗುತ್ತಿತ್ತು.

ಆದರೆ ಅವರ ಶಿಷ್ಯತ್ವ ಅಂದಿನಿಂದ ನಡೆಯಿತು. ಅವರು ನನಗೆ ಹೇಳಿದ ಮೊದಲ ಪಾಠ ಗಾಳದ್ದಲ್ಲ, ಪಂಚಾಂಗದ್ದು. ಕಡಲು ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುವುದೆಂಬುದನ್ನು ನಾನು ಶಾಲೆಯಲ್ಲಿ ಮಕ್ಕಳಿಗೆ ಬೋಧಿಸುತ್ತಿದ್ದೆನಾದರೂ, ಅದರ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುವುದೆಂಬುದು ನನ್ನ ಬದುಕಿಗೆ ಸಂಬಂಧಪಟ್ಟ ಸಂಗತಿಯಾಗಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿ ನೋಡಿದರೆ, ತಿಥಿಯೊಂದಕ್ಕೆ ಎರಡು ಘಳಿಗೆ. ನಮ್ಮ ಹಳೆಯ ಕಾಲಮಾನಕ್ಕೂ ಚಂದ್ರನ ಈ ವಿಳಂಬಕ್ಕೂ ಇರುವ ಹೊಂದಾಣಿಕೆಯನ್ನು ಕಂಡು ಬೆರಗಾಯಿತು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಈ ತೀರದಲ್ಲಿ ಉಬ್ಬರವು ನಡುಹಗಲು ನಡುರಾತ್ರಿಗಳ ಸಮೀಪಕ್ಕೆ ಬರುವುದು. ಏರಿಳಿತಗಳ ಅಂತರವೂ ಆಗಲೇ ಅತ್ಯಧಿಕ. ಅಷ್ಟಮಿಯ ಹೊತ್ತಿಗೆ ಉಬ್ಬರವು ಬೆಳಗು ಬೈಗುಗಳಿಗೆ ಸರಿದು, ನೀರು ಅರೆಮನಸ್ಸಿನಿಂದ ಏರಿ ಅರೆಮನಸ್ಸಿನಿಂದ ಇಳಿಯುವುದು. ಏರುವ ನೀರಿನೊಡನೆ ಮೀನು ಅಳಿವೆಯೊಳಕ್ಕೆ ಮೇಯಲು ಬರುತ್ತದೆ. ನೀರು ನಿಂತ ಗಳಿಗೆಯಲ್ಲಿ ಅದೂ ಬಾಯಿ ಮುಚ್ಚುತ್ತದೆ. ರೋಹಿಣಿ, ಮೃಗಶಿರೆಯೆಂದು ನಕ್ಷತ್ರವೆಣಿಸಿ ಆಕಾಶವನ್ನು ನೋಡುತ್ತ, ಬರುವುದೋ ಬಾರದೋ ಎಂದು ತಿಂಗಳುಗಟ್ಟಲೆ ಕಾಯುವ ಸೀಮೆಯಿಂದ ಬಂದ ನನಗೆ, ಹೇಳಿದ ಹೊತ್ತಿಗೆ ತಪ್ಪದೆ ಬರುವ ನೀರೊಂದು ಲೋಕದಲ್ಲಿದೆಯೆಂಬುದೇ ನಂಬಲರ್ಹವಲ್ಲದ ಐಶ್ವರ್ಯವಾಗಿ ತೋರಿತು.

ಎರಡನೆಯ ಪಾಠವು ಅಮಾವಾಸ್ಯೆಯ ಮುಂಜಾವಿನದು. ನೀರು ಪೂರ್ತಿ ಇಳಿದು, ಎಂದಿನ ದಿನಗಳಲ್ಲಿ ಕಾಣದ ಮರಳು ಮೈದೋರಿದ ವೇಳೆಯಲ್ಲಿ, ಗಾಳವನ್ನು ಮನೆಯಲ್ಲಿಯೇ ಬಿಟ್ಟು ಬರಹೇಳಿದರು. ಸಮತಟ್ಟೆಂದು ನಾನು ತಿಳಿದಿದ್ದ ತೀರವು ಸಮತಟ್ಟಾಗಿರಲಿಲ್ಲ. ತೆರೆಗಳು ಕೊರೆದ ತಗ್ಗುಗಳು, ತಗ್ಗಿನಿಂದ ಕಡಲಿಗೆ ಮರಳುವ ನೀರಿನ ಓಣಿಗಳು, ಅವುಗಳ ಅಂಚಿನಲ್ಲಿ ಏಡಿಯ ಬಿಲಗಳು, ಚಿಪ್ಪಿನ ರಾಶಿಗಳು, ಹಕ್ಕಿಯ ಹೆಜ್ಜೆಗಳು. ಮೀನು ನಡೆಯುವುದು ಆ ಓಣಿಗಳಲ್ಲಿ. ನಿಲ್ಲುವುದು ಆ ತಗ್ಗುಗಳಲ್ಲಿ. ಮಧ್ಯಾಹ್ನ ಅದೆಲ್ಲದರ ಮೇಲೆ ಆಳೆತ್ತರದ ನೀರು ನಿಂತಾಗಲೂ, ಬೆಳಗಿನ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಮಾತ್ರ ಎಲ್ಲಿ ಎಸೆಯಬೇಕೆಂಬುದು ತಿಳಿದೀತು. ಇದನ್ನು ಕೇಳುತ್ತಿದ್ದಂತೆ ನನಗೆ ನಮ್ಮ ಕಾವಲಿನ ನೆನಪಾಯಿತು. ಹೊರಗಿನವನ ಕಣ್ಣಿಗೆ ಅದೂ ಕೊನೆಮೊದಲಿಲ್ಲದ ಬರಿಯ ಬಯಲು. ಆದರೆ ಕುರಿಯ ಹಿಂದೆ ನಡೆದವನಿಗೆ ಎಲ್ಲಿ ಕರಡ ಮೊದಲು ಚಿಗುರುವುದು, ಯಾವ ಮಗ್ಗುಲಿನ ಹಳ್ಳದಲ್ಲಿ ಮಳೆ ನಿಂತ ಮೇಲೂ ಎಂಟು ದಿನ ಪಸೆಯಿರುವುದು ಎಂಬುದೆಲ್ಲ ಅಂಗೈಯ ಗೆರೆಯಂತೆ ಸ್ಪಷ್ಟ. ನಮ್ಮ ದೊಡ್ಡಪ್ಪ ಬಯಲನ್ನು ನೋಡಿದುದನ್ನು ನಾನೆಂದೂ ಕಂಡವನಲ್ಲ. ಅವರ ದೃಷ್ಟಿ ಯಾವಾಗಲೂ ಮುಂದಿನ ಹತ್ತು ಮಾರಿನ ಹುಲ್ಲಿನ ಮೇಲೆಯೇ ಇರುತ್ತಿತ್ತು. ಆ ದಿನದಿಂದ ನಾನೂ ದಿಗಂತವನ್ನು ಅದರ ಪಾಡಿಗೆ ಬಿಟ್ಟೆನು.

ನನಗೆ ಸಿಕ್ಕಿದ ಮೊದಲ ತಿನ್ನುವ ಮೀನು ಕಾಣೆ. ಗೇಣುದ್ದ, ಬೆಳ್ಳಿಯ ಕಡ್ಡಿಯಂತೆ ನೀಳ, ಮುಳ್ಳು ಕಡಮೆ, ರುಚಿಯಲ್ಲಿ ಈ ತೀರದವರು ಬಹಳ ಮೇಲೆ ಎಣಿಸುವಂಥದು. ಬಲೆ ಮೇಲೆ ಬಿದ್ದ ಕೂಡಲೆ ಮರಳನ್ನು ಕೊರೆದು ಹೂತುಕೊಳ್ಳುವುದು ಇದರ ಉಪಾಯ; ಅಭ್ಯಾಸವಿದ್ದವರು ಬಲೆಯ ಒಳಗಿನ ಮರಳನ್ನು ಅಂಗಾಲಿನಿಂದ ತಡವಿ ಇದನ್ನು ಹುಡುಕುತ್ತಾರೆ. ಪಯ್ಯ ಮೀನಿನದು ತದ್ವಿರುದ್ಧವಾದ ನೀತಿ: ಅದು ಬಲೆಯನ್ನು ಹಾರಿಯೇ ದಾಟುತ್ತದೆ. ಬಂಡೆಯ ಸಂದುಗಳಲ್ಲಿ ಮುರುಮೀನು, ಕೆಂಬೇರಿಗಳು ಅವಿತಿರುತ್ತವೆ. ಗಾಳವನ್ನು ನುಂಗಿದ ಮುರುಮೀನು ಸಂದಿನೊಳಕ್ಕೆ ನುಗ್ಗಿತೆಂದರೆ ದಾರದ ಆಸೆಯನ್ನು ಬಿಡುವುದು ಲೇಸು.

ತೇಡೆಯ ವಿಷಯವನ್ನು ಮಾತ್ರ ನಾನು ಕೇಳಿ ಕಲಿಯಲಿಲ್ಲ. ಮೀಸೆ ಹೊತ್ತ ಸಾಧುಪ್ರಾಣಿಯಂತೆ ತೋರಿದ ಅದನ್ನು ಗಾಳದಿಂದ ಬಿಡಿಸಲು ಹೋದವನ ಹೆಬ್ಬೆರಳಿನ ಬುಡಕ್ಕೆ, ಅದರ ಪಕ್ಕದ ರೆಕ್ಕೆಯ ಗರಗಸದಂಥ ಮುಳ್ಳು ಇಳಿಯಿತು. ಚೇಳಿನ ನಾಡಿನವನಾದ ನನಗೆ ನೋವಿನ ಪರಿಚಯವಿಲ್ಲದೆ ಇರಲಿಲ್ಲ. ಆದರೂ ಕಣ್ಣಿಗೆ ಕತ್ತಲೆ ಬಂದಿತು. ವೃದ್ಧರು ನನ್ನನ್ನು ಚಾ ಅಂಗಡಿಗೆ ಕರೆದೊಯ್ದು, ತಡೆಯಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನು ಅದ್ದಿಸಿ ಕುಳ್ಳಿರಿಸಿದರು. ಆ ಮುಳ್ಳಿನ ವಿಷ ಬಿಸಿಗೆ ಶಕ್ತಿಗುಂದುವುದು. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಅಂಗಡಿಯಲ್ಲಿದ್ದವರ ನಗು ಇಳಿಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಬೀಸುಬಲೆ ನನಗೆ ಇನ್ನೂ ಪೂರ್ತಿಯಾಗಿ ಒಲಿದಿಲ್ಲ. ಬಲೆಯ ಒಂದಂಚನ್ನು ಹಲ್ಲಿನಲ್ಲಿ ಕಚ್ಚಿ, ಒಂದು ಪಾಲನ್ನು ಮೊಳಕೈಗೆ ಹಾಕಿ, ಮಿಕ್ಕುದನ್ನು ಸೊಂಟದ ತಿರುವಿನಿಂದ ಬೀಸಿದರೆ ಅದು ಗಾಳಿಯಲ್ಲಿ ಹೂವಿನಂತೆ ಅರಳಿ ವೃತ್ತವಾಗಿ ಬೀಳಬೇಕು. ನನ್ನದು ಬಹುಕಾಲ ಒದ್ದೆಯ ಮೂಟೆಯಂತೆ ಬೀಳುತ್ತಿತ್ತು. ಒಣಮರಳಿನ ಮೇಲೆ ತಿಂಗಳ ಕಾಲ ಬೀಸಿದ ಬಳಿಕ, ನಮ್ಮ ಕಡೆಯವರು ಕಂಬಳಿಯನ್ನು ಹೆಗಲ ಮೇಲಕ್ಕೆ ಎಸೆದುಕೊಳ್ಳುವ ವರಸೆಯನ್ನು ನೆನೆದು ಬೀಸಿದ ಒಂದು ದಿನ, ಅರ್ಧಚಂದ್ರನಷ್ಟಾದರೂ ಅರಳಿತು.

ದಡದ ಮೀನುಗಾರಿಕೆಯೆಂದರೆ ಒಂಟಿ ಮನುಷ್ಯನ ಗಾಳವೆಂದು ಭಾವಿಸಿದ್ದವನ ಅಜ್ಞಾನವನ್ನು ಕಳೆದುದು ಕೈರಂಪಣಿ. ದೋಣಿಯಲ್ಲಿ ಬಲೆಯನ್ನು ಕೊಂಡೊಯ್ದು ಅರ್ಧವೃತ್ತಾಕಾರವಾಗಿ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತ ಜನರ ಎರಡು ಸಾಲುಗಳು ಎಳೆದು ತರುವ ಈ ಕ್ರಮವು, ಒಂದು ಕಾಲದಲ್ಲಿ ಇಡೀ ಕರಾವಳಿಯ ಜೀವನಾಡಿಯಾಗಿದ್ದ ದೊಡ್ಡ ರಂಪಣಿಯ ಚಿಕ್ಕ ತಮ್ಮ. ಕಿಲೋಮೀಟರಿನಷ್ಟು ಉದ್ದದ ಬಲೆ, ಹತ್ತಾರು ಮನೆಗಳ ಕೈ, ಬಂದ ಬಂಗುಡೆ ಬೂತಾಯಿಗಳಲ್ಲಿ ಎಲ್ಲರಿಗೂ ಪಾಲು. ಆ ಕೂಟಕ್ಕೆ ‘ಫಂಡು’ ಎಂದು ಹೆಸರು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದು, ದಡಕ್ಕೆ ಬರಬೇಕಾದ ಮೀನಿನ ಹಿಂಡನ್ನು ಕಡಲಿನಲ್ಲಿಯೇ ಸುತ್ತುವರಿಯತೊಡಗಿದ ಮೇಲೆ ದೊಡ್ಡ ರಂಪಣಿಗಳು ಒಂದೊಂದಾಗಿ ಮುದುಡಿದುವು. ಮೀನು ಹೆಚ್ಚು ಸಿಕ್ಕುವ ಉಪಾಯವೆಲ್ಲ ಒಳ್ಳೆಯ ಉಪಾಯವೇ ಎಂಬ ವಾದವನ್ನು, ಮೇವಿನ ಬಯಲಿಗೆ ಗೋಡೆ ಎದ್ದುದನ್ನು ಕಂಡ ನಾನು ಒಪ್ಪಲಾರೆ. ಉಳಿದಿರುವ ಕೈರಂಪಣಿಯ ಹಗ್ಗಕ್ಕೆ ಒಂದು ದಿನ ನಾನೂ ಕೈ ಹಚ್ಚಿದೆನು, ಅಂಗೈ ಸುಲಿದುಹೋಯಿತು, ಕೊನೆಗೆ ಯಾರೋ ಕೇಳದೆಯೇ ಎಂಟು ಬಂಗುಡೆಗಳನ್ನು ನನ್ನ ಚೀಲಕ್ಕೆ ಹಾಕಿದರು.

ಅಳಿವೆಯ ಬಾಯಿಗೆ ಈಗ ಎರಡು ದಡಗಳಿಂದಲೂ ಕಲ್ಲಿನ ತಡೆಗೋಡೆಗಳು ಕಡಲಿನೊಳಕ್ಕೆ ಚಾಚಿವೆ. ಸಂಜೆ ವಾಯುವಿಹಾರಕ್ಕೆ ಬಂದವರು ಮೇಲೆ ನಡೆದಾಡುತ್ತಿರುವಾಗ, ಗಾಳದವರು ಕೆಳಗಿನ ಬಂಡೆಗಳ ಮೇಲೆ ಕೊಕ್ಕರೆಗಳಂತೆ ಕುಳಿತಿರುತ್ತಾರೆ. ಹಸುರು ಪಾಚಿಯ ಕಲ್ಲಿನ ಮೇಲೆ ಕಾಲಿಡಬಾರದು, ಒಂಟಿಯಾಗಿ ತುದಿಗೆ ಹೋಗಬಾರದು. “ಕಡ್ಲಿಗ್ ಬೆನ್ ಹಾಕೂಕಾಗ” ಎಂದು ವೃದ್ಧರು ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಇದೇ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಏರಿಬರುವುದುಂಟು. ಆಗ ದೀಪ ಹಿಡಿದು ತಿರುಗಾಡುವುದು ಸಲ್ಲದು.

ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ, ಕಾವಲಿನ ಅಂಚಿನ ಜಾಲಿಯ ನೆರಳಿನಲ್ಲಿ ಕುರಿ ತರುಬಿ ಕುಳಿತಿದ್ದ ದೊಡ್ಡಪ್ಪನಿಗೆ ಒಣಗಿಸಿದ ಕಾಣೆಯ ಪೊಟ್ಟಣವನ್ನು ಕೊಟ್ಟೆನು. ಮೂಸಿ ನೋಡಿ ಪಕ್ಕಕ್ಕಿಟ್ಟು, ನಾನಿರುವ ಊರಿನ ಹೆಸರನ್ನು ಇನ್ನೊಮ್ಮೆ ಕೇಳಿ ತಿಳಿದುಕೊಂಡು, “ಕೋಡಿ ಬಿದ್ದೈತೇನಪ್ಪಾ?” ಎಂದರು.

“ದಿನಕ್ಕೆ ಎಲ್ಡು ಸಲ ಬೀಳ್ತೈತೆ, ದೊಡ್ಡಪ್ಪಾ.”

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ಆ ನೀರ್ನ ಕುರಿ ಕುಡೀತಾವಾ?” ಎಂದು ಕೇಳಿದರು. ಇಲ್ಲವೆಂದೆನು. “ಹಂಗಾರೆ ಬಿಡು,” ಎಂದು ಎದ್ದು, ಕಂಬಳಿಯನ್ನು ಹೆಗಲಿಗೆ ಎಸೆದುಕೊಂಡು, ಹತ್ತು ಮಾರು ಮುಂದಿನ ಹುಲ್ಲನ್ನು ನೋಡುತ್ತ ಹಿಂಡಿನ ಹಿಂದೆ ನಡೆದರು.