ಮಧುಮೇಹ ಇರುವ ಹಿರಿಯರಿಗೆ ಸರ್ಪಸುತ್ತು ಬಂದರೆ: ನೋವನ್ನು ಹತೋಟಿಗೆ ತರುವುದು ಹೇಗೆ?

ಸಾರಾಂಶ

ಸರ್ಪಸುತ್ತಿನ ತಲೆ ಮತ್ತು ಬಾಲ ಕೂಡಿದರೆ ಸಾವು ಖಚಿತ ಎಂಬ ಮಾತು ನಿಜವಲ್ಲ. ಹಾಗೆಂದು ಮಧುಮೇಹ ಇರುವ ಹಿರಿಯರು ಇದನ್ನು ನಿರ್ಲಕ್ಷಿಸುವಂತೆಯೂ ಇಲ್ಲ. ಗುಳ್ಳೆ ಎದ್ದ 72 ಗಂಟೆಗಳೊಳಗೆ ಔಷಧ ಶುರು ಮಾಡಬೇಕು, ಸಕ್ಕರೆ ಮಟ್ಟವನ್ನು ಗಮನಿಸುತ್ತಿರಬೇಕು, ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಸರ್ಪಸುತ್ತು ಎಂದರೇನು?

ಹೆಸರಿನಲ್ಲಿ ಸರ್ಪ ಇರುವುದರಿಂದ ಪೆರ್ಡೂರು, ಹಿರಿಯಡ್ಕ, ಕಾರ್ಕಳ, ಕಾಪು ಕಡೆಯ ಹಲವು ಮನೆಗಳಲ್ಲಿ ಇದನ್ನು ನಾಗದೋಷ ಎಂದು ನಂಬುವವರಿದ್ದಾರೆ. ಆದರೆ ಇದಕ್ಕೆ ಕಾರಣ ವ್ಯಾರಿಸೆಲ್ಲಾ ಜೋಸ್ಟರ್ ಎಂಬ ವೈರಾಣು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ತರುವುದೂ ಇದೇ. ಸಿಡುಬು ವಾಸಿಯಾದರೂ ವೈರಾಣು ದೇಹ ಬಿಟ್ಟು ಹೋಗುವುದಿಲ್ಲ. ನರಗಳ ಬುಡದಲ್ಲಿ ಹಲವು ದಶಕ ಸುಮ್ಮನಿದ್ದು, ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಂದಿದಾಗ ಮತ್ತೆ ಎಚ್ಚರಗೊಳ್ಳುತ್ತದೆ.

ತಲೆ-ಬಾಲ ಕೂಡಿದರೆ ಪ್ರಾಣಾಪಾಯವೇ?

ಇಲ್ಲ. ಬೆನ್ನುಹುರಿಯಿಂದ ಹೊರಡುವ ಪ್ರತಿಯೊಂದು ನರವೂ ದೇಹದ ಒಂದು ಬದಿಯ ಪಟ್ಟಿಯಷ್ಟು ಚರ್ಮವನ್ನು ನೋಡಿಕೊಳ್ಳುತ್ತದೆ. ವೈರಾಣು ಸಾಮಾನ್ಯವಾಗಿ ಒಂದು ಬದಿಯ ನರದಲ್ಲಷ್ಟೇ ಎಚ್ಚರಗೊಳ್ಳುವುದರಿಂದ ಗುಳ್ಳೆಗಳು ದೇಹದ ನಡುಗೆರೆಗೆ ಬಂದು ನಿಲ್ಲುತ್ತವೆ. ಗುಳ್ಳೆಗಳು ಎರಡೂ ಬದಿಗೆ ಅಥವಾ ಮೈತುಂಬ ಹರಡಿದರೆ ಅದು ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವುದರ ಸೂಚನೆ ಆಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಧುಮೇಹ ಇದ್ದವರಿಗೆ ಕಷ್ಟ ಹೆಚ್ಚೇಕೆ?

ಮಧುಮೇಹ ಇರುವವರಲ್ಲಿ ಸರ್ಪಸುತ್ತು ಬರುವ ಸಾಧ್ಯತೆಯೂ, ಅದರ ನೋವು ಉಳಿದುಬಿಡುವ ಸಾಧ್ಯತೆಯೂ ಹೆಚ್ಚು. ಸೋಂಕು ಮತ್ತು ನೋವಿನಿಂದ ಸಕ್ಕರೆ ಏರುತ್ತದೆ. ಸಕ್ಕರೆ ಏರಿದರೆ ಗುಳ್ಳೆ ಒಣಗುವುದು ತಡವಾಗುತ್ತದೆ, ಕೀವು ಆಗಬಹುದು.

ಇನ್ನೊಂದು ಗೊಂದಲವೂ ಇದೆ. ಗುಳ್ಳೆ ಏಳುವ ಕೆಲವು ದಿನ ಮೊದಲೇ ಉರಿ, ಚುಚ್ಚಿದಂಥ ನೋವು ಶುರುವಾಗುತ್ತದೆ. ಹಿರಿಯರು ಇದನ್ನು ‘ಶುಗರಿನ ಉರಿ’ ಎಂದುಕೊಂಡು ಸುಮ್ಮನಿರಬಹುದು. ಮಧುಮೇಹದ ನರದ ಉರಿ ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಇರುತ್ತದೆ. ಸರ್ಪಸುತ್ತಿನದು ಎದೆ, ಬೆನ್ನು, ಸೊಂಟ ಅಥವಾ ಮುಖದ ಒಂದೇ ಬದಿಯಲ್ಲಿ ಪಟ್ಟಿಯಂತೆ ಬರುತ್ತದೆ.

ಲೇಪ ಮತ್ತು ಪಥ್ಯ ಸಾಕೇ?

ಗುಳ್ಳೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಾವಾಗಿಯೇ ಒಣಗುತ್ತವೆ. ಅದಕ್ಕೇ ಯಾವ ಲೇಪ ಹಚ್ಚಿದರೂ ಅದರಿಂದಲೇ ಗುಣವಾಯಿತು ಎನಿಸುತ್ತದೆ. ಆದರೆ ಒಡೆದ ಗುಳ್ಳೆಗೆ ಮಣ್ಣು, ಸೊಪ್ಪಿನ ರಸ ಹಚ್ಚಿದರೆ ಬೇರೆ ಸೋಂಕು ತಗಲಬಹುದು. ಪಥ್ಯದಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ದಿಢೀರ್ ಕುಸಿಯಬಹುದು. ಬರೀ ಗಂಜಿಯಲ್ಲೇ ದಿನ ಕಳೆದರೆ ಸಕ್ಕರೆ ಏರಬಹುದು. ಹಾಗಾಗಿ ಪಲ್ಯ, ಬೇಳೆ, ಮೊಟ್ಟೆ ಅಥವಾ ಮೀನು ಇರುವ ಎಂದಿನ ಊಟವೇ ಒಳ್ಳೆಯದು.

ನಾಗನಿಗೆ ತಂಬಿಲ ಕೊಡುವುದು ಮನೆಯವರ ನಂಬಿಕೆ. ಆದರೆ ಅದಕ್ಕಾಗಿ ಮಾತ್ರೆ ತಡವಾಗಬಾರದು.

ನೋವಿಗೆ ಏನು ಮಾಡಬೇಕು?

ಮೊದಲನೆಯದು, ವೈರಾಣುವನ್ನು ತಡೆಯುವ ಎಸೈಕ್ಲೊವಿರ್ ಅಥವಾ ವ್ಯಾಲಾಸೈಕ್ಲೊವಿರ್ ಮಾತ್ರೆ. ಇದನ್ನು ಸಾಮಾನ್ಯವಾಗಿ 7 ದಿನ ಕೊಡುತ್ತಾರೆ. 72 ಗಂಟೆ ಮೀರಿದ್ದರೂ ವೈದ್ಯರನ್ನು ಕಾಣಿ. ಹೊಸ ಗುಳ್ಳೆ ಏಳುತ್ತಿದ್ದರೆ ಆಗಲೂ ಮಾತ್ರೆ ಕೊಡುವುದುಂಟು.

ಎರಡನೆಯದು, ನೋವಿನ ಔಷಧ. ಸಣ್ಣ ನೋವಿಗೆ ಪ್ಯಾರಾಸಿಟಮಾಲ್ ಸಾಕಾಗಬಹುದು. ಡೈಕ್ಲೊಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ಮೆಡಿಕಲ್‌ನಿಂದ ನೀವೇ ತಂದು ನುಂಗಬೇಡಿ. ಮಧುಮೇಹದಿಂದ ಮೊದಲೇ ಬಳಲಿದ ಮೂತ್ರಪಿಂಡಕ್ಕೆ ಅವು ಹಾನಿ ಮಾಡಬಹುದು. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ.

ಗುಳ್ಳೆ ಎದ್ದು ಮೂರು ತಿಂಗಳಾದರೂ ನೋವು ಉಳಿದರೆ ಅದು ನರದ ನೋವು. ಬಟ್ಟೆ ತಾಗಿದರೂ, ಫ್ಯಾನಿನ ಗಾಳಿ ಬಡಿದರೂ ಉರಿಯುತ್ತದೆ. ಇದು ನಾಟಕವೂ ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ ಎಂಬುದನ್ನು ಮನೆಯವರು ಅರಿಯಬೇಕು. ಇದಕ್ಕೆ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಅಥವಾ ಅಮಿಟ್ರಿಪ್ಟಿಲಿನ್ ಕೊಡುತ್ತಾರೆ. ಇವು ತಲೆಸುತ್ತು, ಮಂಪರು ತರಬಹುದು. ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳದಂತೆ ಯಾರಾದರೂ ಜೊತೆಗಿರಲಿ, ದೀಪ ಉರಿಯುತ್ತಿರಲಿ. ವೈರಾಣುವಿನ ಮಾತ್ರೆಯಂತೆ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್‌ಗಳ ಪ್ರಮಾಣವನ್ನೂ ಮೂತ್ರಪಿಂಡದ ಶಕ್ತಿ ನೋಡಿಯೇ ನಿರ್ಧರಿಸಬೇಕು. ಆದ್ದರಿಂದ ಕ್ರಿಯಾಟಿನಿನ್ ಪರೀಕ್ಷೆಯ ಚೀಟಿ, ಈಗಿನ ಮಾತ್ರೆಗಳ ಪಟ್ಟಿ ಎರಡನ್ನೂ ಒಯ್ಯಿರಿ.

ಮನೆಯಲ್ಲಿ ಸಡಿಲವಾದ ಹತ್ತಿಬಟ್ಟೆ ಹಾಕಿ, ತಣ್ಣೀರಿನ ಒದ್ದೆಬಟ್ಟೆ ಇಡಿ. ಗುಳ್ಳೆ ಒಣಗುವ ತನಕ ಗರ್ಭಿಣಿಯರು ಮತ್ತು ಎಳೆಮಕ್ಕಳು ಅದನ್ನು ಮುಟ್ಟದಿರಲಿ. ಸಿಡುಬು ಬಾರದವರಿಗೆ ಅದರ ನೀರಿನಿಂದ ಸಿಡುಬು ಹರಡಬಹುದು.

ಯಾವಾಗ ಕಾಯಬಾರದು?

ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ದೃಷ್ಟಿಗೇ ಅಪಾಯ. ಕಿವಿಯಲ್ಲಿ ಗುಳ್ಳೆ, ಮುಖ ವಾಲುವುದು, ಗೊಂದಲದ ಮಾತು, ಜೋರು ಜ್ವರ ಇದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಪೆರ್ಡೂರಿನವರಿಗೆ ಹೆಬ್ರಿ–ಉಡುಪಿ ರಸ್ತೆಯಲ್ಲೇ ಮಣಿಪಾಲ ಸಿಗುತ್ತದೆ.

ಲಸಿಕೆ ಇದೆಯೇ?

ಇದೆ. ಶಿಂಗ್ರಿಕ್ಸ್ ಎಂಬ ಲಸಿಕೆ 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. 50 ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಡುತ್ತಾರೆ. ಸರ್ಕಾರದ ಉಚಿತ ಲಸಿಕೆಗಳಲ್ಲಿ ಇದು ಸೇರಿಲ್ಲ, ಬೆಲೆಯೂ ದುಬಾರಿ. ಈಗಾಗಲೇ ಬಂದಿರುವ ನೋವನ್ನು ಇದು ವಾಸಿ ಮಾಡುವುದಿಲ್ಲ, ಮುಂದೆ ಬಾರದಂತೆ ಕಾಪಾಡುತ್ತದೆ.

ನಮ್ಮ ತೀರ್ಮಾನ

ತಲೆ-ಬಾಲದ ಮಾತು ಸುಳ್ಳು. ನಿಜವಾದ ಅಪಾಯ ಇರುವುದು ತಡಮಾಡುವುದರಲ್ಲಿ. ಮನೆಯ ಹಿರಿಯರು ಒಂದೇ ಬದಿ ಉರಿ ಎಂದರೆ ಅಂಗಿ ಸರಿಸಿ ಚರ್ಮವನ್ನೊಮ್ಮೆ ನೋಡಿ. ಗುಳ್ಳೆ ಕಂಡರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.